ಎರಡು ಕಾರ್ನರ್, ಒಂದು ಯುಗಾದಿ: ಹಾಸನದ ಫುಟ್‌ಬಾಲ್ ಅಭಿಮಾನಿಯೊಬ್ಬನ ಮೂರು ದಿನ

2018ರ ಯುಗಾದಿ ಭಾನುವಾರ ಬಂದಿತ್ತು, ಮಾರ್ಚ್ 18. ಹಿಂದಿನ ದಿನ ಶನಿವಾರ ರಾತ್ರಿ 8 ಗಂಟೆಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ಕೊನೆಯ ಪಂದ್ಯ. ಒಂದು ಕಡೆ ನಮ್ಮ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಚೆನ್ನೈಯಿನ್ ಎಫ್‌ಸಿ. ಸೋಮವಾರ ಹೊಸತೊಡಕು. ಹೀಗೆ ಮೂರು ದಿನ ರಜೆ, ಆ ಮೂರು ದಿನದಲ್ಲಿ ಐದು ಮ್ಯಾಚ್, ಐದರಲ್ಲಿ ಒಂದು ಕ್ರಿಕೆಟ್. ಅಷ್ಟರಲ್ಲಿ ಒಬ್ಬ ಅಭಿಮಾನಿಗೆ ಏನೇನಾಯಿತು ಅಂತ ಪೂರ್ತಿಯಾಗಿ ಬರೆದಿಡಬೇಕು ಅಂತ ತುಂಬಾ ದಿನದಿಂದ ಇತ್ತು. ಆ ಅಭಿಮಾನಿ ನಾನೇ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಹಾಸನದವನು. ಬಿ.ಎಂ. ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಓದಿದ್ದು ಬೆಂಗಳೂರಿನಲ್ಲಿ. ಬೆಂಗಳೂರು ಎಫ್‌ಸಿ ಶುರುವಾದ 2013ರಲ್ಲಿ ನಾನು ಅಲ್ಲೇ ಇದ್ದೆ. ಆಗ ಅವರ ಮ್ಯಾಚ್‌ಗಳು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯುತ್ತಿದ್ದವು. ರೂಮಿನ ಗೆಳೆಯ ಒಂದು ಸಂಜೆ ಬಲವಂತವಾಗಿ ಕರೆದುಕೊಂಡು ಹೋದ. ಅಲ್ಲಿಗೆ ಮುಗಿಯಿತು. ಮೊದಲ ವರ್ಷವೇ ತಂಡ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2015-16ರಲ್ಲಿ ಇನ್ನೊಂದು ಸಲ ಗೆದ್ದಿತು. ಓದು ಮುಗಿಸಿ ಊರಿಗೆ ವಾಪಸ್ ಬಂದೆ. ಆದರೆ ತಂಡ ನನ್ನ ಜೊತೆಗೇ ಬಂತು.

ಹಾಸನದಲ್ಲಿ ಫುಟ್‌ಬಾಲ್ ಅಭಿಮಾನಿ ಆಗಿರುವುದು ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಆಡುವವರು ಇಲ್ಲ ಅಂತಲ್ಲ. ಬೆಳಿಗ್ಗೆ ಜಿಲ್ಲಾ ಕ್ರೀಡಾಂಗಣದ ಕಡೆ ಹೋದರೆ ಹತ್ತು ಹನ್ನೆರಡು ಜನ ಸಿಗುತ್ತೇವೆ. ಪಿಯುಸಿ ಹುಡುಗರು, ಒಬ್ಬ ಬ್ಯಾಂಕಿನವರು, ಸಕಲೇಶಪುರದ ಕಡೆಯಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡಿರುವ ಇಬ್ಬರು. ಆದರೆ ಆ ಮೈದಾನ ಬಿಟ್ಟು ರಸ್ತೆಗೆ ಬಂದರೆ ಊರೆಲ್ಲ ಕ್ರಿಕೆಟ್. ಇಂಡಿಯಾ ಸೋತರೆ ಮಾರನೇ ದಿನ ಟೀ ಅಂಗಡಿಯಲ್ಲಿ ಹತ್ತು ಜನ ಸೇರಿ ಬೈಯ್ದು ಹಗುರ ಆಗುತ್ತಾರೆ. ನಮ್ಮ ತಂಡ ಸೋತರೆ ಯಾರ ಹತ್ತಿರ ಹೇಳುವುದು? ಈ ಪ್ರಕರಣದ ಬೇರು ಅಲ್ಲೇ ಇದೆ.

ಆ ವರ್ಷ ತಂಡ ಹೇಗಿತ್ತು ಅಂತ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಸಂಕಟ ಅರ್ಥ ಆಗುವುದಿಲ್ಲ. ಐಎಸ್‌ಎಲ್‌ಗೆ ಬಂದ ಮೊದಲ ಸೀಸನ್ ಅದು. 18 ಮ್ಯಾಚ್‌ನಲ್ಲಿ 13 ಗೆಲುವು, 40 ಪಾಯಿಂಟ್, ಪಟ್ಟಿಯಲ್ಲಿ ಮೊದಲ ಸ್ಥಾನ. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಪಾಯಿಂಟ್ ವ್ಯತ್ಯಾಸ ಅಂದರೆ ಸಣ್ಣದಲ್ಲ. ಕೋಚ್ ಆಲ್ಬರ್ಟ್ ರೋಕಾ, ನಾಯಕ ಸುನಿಲ್ ಛೇತ್ರಿ, ಗೋಲಿನಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು, ಮುಂದೆ ವೆನೆಜುವೆಲಾದ ಮಿಕು, ಬಲಗಡೆ ಗಾಳಿಯ ಹಾಗೆ ಓಡುವ ಉದಾಂತ ಸಿಂಗ್. ಸೆಮಿಫೈನಲ್‌ನ ಮೊದಲ ಪಂದ್ಯ ಪುಣೆಯಲ್ಲಿ 0-0 ಆಯಿತು. ಮಾರ್ಚ್ 11ರಂದು ಕಂಠೀರವದಲ್ಲಿ ಎರಡನೆಯದು. ಛೇತ್ರಿ ಒಬ್ಬರೇ ಮೂರು ಗೋಲ್ ಹೊಡೆದರು, 3-1. ಅವತ್ತು ನಾನು ಮನೆಯಲ್ಲಿ ಟಿವಿ ಮುಂದೆ ಇದ್ದೆ. ಮೂರನೇ ಗೋಲ್ ಆದಾಗ ಎದ್ದು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಬಂದು ಏನಾಯಿತು ಅಂತ ಕೇಳಿದರು.

ಒಂದೇ ಒಂದು ಭಯ ಇತ್ತು. ಡಿಸೆಂಬರ್‌ನಲ್ಲಿ ಇದೇ ಚೆನ್ನೈಯಿನ್ ಇದೇ ಕಂಠೀರವಕ್ಕೆ ಬಂದು 2-1ರಿಂದ ಗೆದ್ದು ಹೋಗಿತ್ತು. ಆಮೇಲೆ ಫೆಬ್ರವರಿಯಲ್ಲಿ ಚೆನ್ನೈಗೆ ಹೋಗಿ ನಾವು 3-1ರಿಂದ ತೀರಿಸಿಕೊಂಡಿದ್ದೆವು, ನಿಜ. ಆದರೂ ಆ ಡಿಸೆಂಬರ್ ಮನಸ್ಸಿನ ಮೂಲೆಯಲ್ಲಿ ಕೂತೇ ಇತ್ತು.

ಟಿಕೆಟ್ ಸಿಕ್ಕಿತು. ಅಮ್ಮನಿಗೆ ಹೇಳಿದೆ. ಅಮ್ಮ ಹೇಳಿದ್ದು ಒಂದೇ ಮಾತು: "ಹೋಗು, ಆದರೆ ಬೆಳಗಾಗುವುದರೊಳಗೆ ಮನೆಯಲ್ಲಿರಬೇಕು, ಹಬ್ಬದ ದಿನ ಎಣ್ಣೆ ನೀರು ತಪ್ಪಿಸಬಾರದು." ಸರಿ ಅಂದೆ. ಯೋಜನೆ ಸಲೀಸಾಗಿತ್ತು. ಶನಿವಾರ ಬೆಳಿಗ್ಗೆ ರೈಲಿನಲ್ಲಿ ಹೋಗುವುದು, ಮ್ಯಾಚ್ ನೋಡುವುದು, ಗೆಲ್ಲುವುದು, ರಾತ್ರಿ ಬಸ್ ಹಿಡಿಯುವುದು, ಗೆದ್ದ ಖುಷಿಯಲ್ಲೇ ಹಬ್ಬ ಮಾಡುವುದು. ಸೋತರೆ ಏನು ಅಂತ ಯೋಚನೆಯೇ ಮಾಡಿರಲಿಲ್ಲ. 40 ಪಾಯಿಂಟ್ ತೆಗೆದ ತಂಡ, ಸ್ವಂತ ಮೈದಾನ, ಯಾಕೆ ಯೋಚನೆ ಮಾಡಲಿ?

ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ಹೋಗುವ ರೈಲು ಮಾರ್ಗ ಶುರುವಾಗಿ ಆಗ ಹತ್ತಿರ ಹತ್ತಿರ ಒಂದು ವರ್ಷ. 2017ರ ಮಾರ್ಚ್‌ನಲ್ಲಿ ಬಂದದ್ದು. ಅದಕ್ಕೆ ಮುಂಚೆ ರೈಲಿನಲ್ಲಿ ಹೋಗಬೇಕಾದರೆ ಅರಸೀಕೆರೆ ಸುತ್ತಬೇಕಿತ್ತು. ಹಿಂದಿನ ತಿಂಗಳಷ್ಟೇ ಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ಆಗಿತ್ತು. ರೈಲು ಅಲ್ಲಿ ನಿಂತಾಗ ಕಿಟಕಿಯಲ್ಲಿ ಬೆಟ್ಟದ ಕಡೆ ನೋಡಿ ಕೈ ಮುಗಿದೆ. ಬ್ಯಾಗಿನಲ್ಲಿ ನೀಲಿ ಜೆರ್ಸಿ ಇತ್ತು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಇತ್ತು. ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದೆ. ಮಧ್ಯಾಹ್ನಕ್ಕೇ ರಸ್ತೆಯಲ್ಲಿ ನೀಲಿ ಬಣ್ಣ ಕಾಣುತ್ತಿತ್ತು. ಹಾಸನದಲ್ಲಿ ಆ ಜೆರ್ಸಿ ಹಾಕಿಕೊಂಡು ಹೋದರೆ "ಯಾವ ಕಾಲೇಜಿಂದು?" ಅಂತ ಕೇಳುತ್ತಾರೆ. ಅಲ್ಲಿ ಗೊತ್ತಿಲ್ಲದವರು ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿದರು. ಆ ಅರ್ಧ ದಿನ ನನ್ನ ಜೀವನದ ಒಳ್ಳೆಯ ಅರ್ಧ ದಿನಗಳಲ್ಲಿ ಒಂದು, ಇವತ್ತಿಗೂ.

ಕಂಠೀರವ ನೋಡದವರಿಗೆ ಒಂದು ಮಾತು. ಅಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಹಾಗಾಗಿ ಗ್ಯಾಲರಿಗೂ ಆಟಗಾರರಿಗೂ ದೂರ ಜಾಸ್ತಿ. ಗೋಲಿನ ಮುಂದೆ ಗುಂಪು ಸೇರಿದಾಗ ಯಾರು ಯಾರನ್ನು ಹಿಡಿದಿದ್ದಾರೆ ಅಂತ ಕಾಣುವುದಿಲ್ಲ. ಬರೀ ನೀಲಿ, ಬರೀ ಬಿಳಿ, ತಲೆಗಳು. ಆದರೆ ವೆಸ್ಟ್ ಬ್ಲಾಕ್‌ನವರ, ಅಂದರೆ ನಮ್ಮ ತಂಡದ ಕಟ್ಟಾ ಅಭಿಮಾನಿಗಳ ಗುಂಪಿನ, ಡ್ರಮ್ ಮತ್ತು ಕೂಗು ಆ ದೂರವನ್ನೆಲ್ಲ ನುಂಗಿಬಿಡುತ್ತದೆ.

9ನೇ ನಿಮಿಷ. ಉದಾಂತ ಬಲಗಡೆಯಿಂದ ಓಡಿ ಗೋಲಿನ ಮುಂದಕ್ಕೆ ಕ್ರಾಸ್ ಕೊಟ್ಟರು. ಛೇತ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು. ಚೆಂಡು ಒಳಗೆ! ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ನನ್ನ ಎರಡೂ ಕೈ ಹಿಡಿದುಕೊಂಡು ಕುಣಿದರು. ಅವರ ಹೆಸರೂ ಗೊತ್ತಿಲ್ಲ. ಕೈ ಬಿಟ್ಟ ಮೇಲೂ ಅವರ ಉಂಗುರದ ಗುರುತು ನನ್ನ ಬೆರಳಿನ ಮೇಲೆ ಸ್ವಲ್ಪ ಹೊತ್ತು ಇತ್ತು.

17ನೇ ನಿಮಿಷ. ಚೆನ್ನೈಯಿನ್‌ಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ. ಮೈಲ್ಸನ್ ಆಲ್ವೆಸ್ ಅಂತ ಬ್ರೆಜಿಲ್‌ನ ಡಿಫೆಂಡರ್, ಹಿಂದೆ ನಿಂತು ತಡೆಯುವ ಕೆಲಸದವನು, ಮುಂದೆ ಬಂದು ತಲೆ ಕೊಟ್ಟ. 1-1. ಸರಿ, ಆಗುತ್ತದೆ ಅಂದುಕೊಂಡೆವು. ಡ್ರಮ್ ನಿಲ್ಲಲಿಲ್ಲ.

45ನೇ ನಿಮಿಷ. ಮತ್ತೆ ಕಾರ್ನರ್. ಮತ್ತೆ ಅದೇ ಆಲ್ವೆಸ್. ಮತ್ತೆ ತಲೆ. 1-2.

ಈಗ ಡ್ರಮ್ ನಿಂತಿತು. ಹಾಫ್ ಟೈಮ್‌ನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಆ ವಯಸ್ಸಾದವರು ಮಾತ್ರ ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು: "ಒಂದು ಸಲ ಆದರೆ ಗ್ರಹಚಾರ. ಎರಡು ಸಲ ಒಬ್ಬನೇ ಹೊಡೆದರೆ ಗ್ರಹಚಾರ ಅಲ್ಲ." ಈ ಮಾತು ನನ್ನ ತಲೆಯಲ್ಲಿ ಮೂರು ದಿನ ಸುತ್ತಿತು.

67ನೇ ನಿಮಿಷಕ್ಕೆ ರಫಾಯೆಲ್ ಆಗುಸ್ಟೊ ಪೆನಾಲ್ಟಿ ಬಾಕ್ಸ್ ಹೊರಗಿನಿಂದ ಹೊಡೆದ ಚೆಂಡು ಒಳಗೆ ಹೋಯಿತು. 1-3. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ, ಒಳ್ಳೆಯ ಹೊಡೆತ. ಕೊನೆಗೆ 92ನೇ ನಿಮಿಷದಲ್ಲಿ ಮಿಕು ಒಂದು ತೀರಿಸಿದರು. 2-3. ಆಗ ಎಲ್ಲರೂ ಮತ್ತೆ ಎದ್ದು ನಿಂತೆವು. ಇನ್ನೊಂದು, ಇನ್ನೊಂದೇ ಒಂದು ಅಂತ ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆವು. ಆಗಲಿಲ್ಲ. ಸೀಟಿ ಬಿತ್ತು. ನಮ್ಮ ಮೈದಾನದಲ್ಲಿ, ನಮ್ಮ ಕಣ್ಣೆದುರು, ಅವರು ಕಪ್ ಎತ್ತಿದರು. ನಾನು ಅದನ್ನು ನೋಡುವವರೆಗೂ ನಿಂತೆ. ಗೆದ್ದವರಿಗೆ ಚಪ್ಪಾಳೆ ತಟ್ಟಿದೆ. ಮನಸ್ಸಿಲ್ಲದೆ ತಟ್ಟಿದೆ, ಆದರೂ ತಟ್ಟಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆ ಕಾಲಕ್ಕೆ ಐಎಸ್‌ಎಲ್‌ನಲ್ಲಿ ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಬೇರೆ ಕಪ್ ಇರಲಿಲ್ಲ. ನಾಲ್ಕು ತಿಂಗಳು ಎಲ್ಲರಿಗಿಂತ ಚೆನ್ನಾಗಿ ಆಡು, ಎಂಟು ಪಾಯಿಂಟ್ ಮುಂದೆ ಇರು, ಕೊನೆಗೆ ಒಂದು ರಾತ್ರಿ ಎರಡು ಕಾರ್ನರ್ ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ಪಟ್ಟಿಯ ತುದಿಯಲ್ಲಿ ಇದ್ದವರೇ ಚಾಂಪಿಯನ್. ಇಲ್ಲಿ ಆಗ ಹಾಗಿರಲಿಲ್ಲ. ಮೊದಲ ಸ್ಥಾನಕ್ಕೆ ಪ್ರತ್ಯೇಕ ಶೀಲ್ಡ್ ಶುರುವಾಗಿದ್ದು 2019-20ರಲ್ಲಿ, ಅದನ್ನು ಮೊದಲು ಗೆದ್ದದ್ದು ಎಫ್‌ಸಿ ಗೋವಾ. ನಮ್ಮ 40 ಪಾಯಿಂಟ್‌ನ ಸೀಸನ್ ಎರಡು ವರ್ಷ ಮೊದಲೇ ಬಂದುಬಿಟ್ಟಿತ್ತು. ನನ್ನ ಮಟ್ಟಿಗೆ ಆ ವರ್ಷದ ಅತ್ಯುತ್ತಮ ತಂಡ ಬೆಂಗಳೂರು. ಫೈನಲ್ ಗೆದ್ದದ್ದು ಚೆನ್ನೈಯಿನ್. ಎರಡೂ ನಿಜ.

ಮೆಜೆಸ್ಟಿಕ್‌ಗೆ ಬಂದಾಗ ಹನ್ನೊಂದು ಗಂಟೆ. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್ ಹೇಗಿರುತ್ತದೆ ಅಂತ ಬೆಂಗಳೂರಿನಲ್ಲಿ ಕೆಲಸ ಮಾಡುವ ಹಳ್ಳಿ ಕಡೆಯ ಎಲ್ಲರಿಗೂ ಗೊತ್ತು. ಬ್ಯಾಗು, ಮಕ್ಕಳು, ಹೊಸ ಬಟ್ಟೆಯ ಕವರು, ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುವವರು. ನಾನು ಜೆರ್ಸಿ ಮೇಲೆ ಶರ್ಟ್ ಹಾಕಿಕೊಂಡೆ. ಯಾರಾದರೂ ಕೇಳಿದರೆ ಅಳು ಬರುತ್ತದೆ ಅನ್ನಿಸಿತ್ತು. ಹೇಗೋ ಕೊನೆಯ ಸಾಲಿನಲ್ಲಿ ಒಂದು ಸೀಟು ಸಿಕ್ಕಿತು.

ಅದೇ ಹೊತ್ತಿಗೆ ಇಂಗ್ಲೆಂಡ್‌ನಲ್ಲಿ ಲಿವರ್‌ಪೂಲ್ ಮತ್ತು ವಾಟ್‌ಫರ್ಡ್ ಮ್ಯಾಚ್ ಶುರುವಾಗಿತ್ತು. ಆ ಸೀಸನ್‌ನಲ್ಲಿ ಮೊಹಮ್ಮದ್ ಸಲಾಹ್ ಆಟ ನನಗೆ ಹುಚ್ಚು ಹಿಡಿಸಿತ್ತು, ಒಂದು ಮ್ಯಾಚ್ ಬಿಡುತ್ತಿರಲಿಲ್ಲ. ಮೊಬೈಲ್ ತೆಗೆದೆ. ಆನ್‌ಫೀಲ್ಡ್‌ನಲ್ಲಿ ಹಿಮ ಬೀಳುತ್ತಿತ್ತು. ಇಲ್ಲಿ ಬಸ್ಸಿನಲ್ಲಿ ಮಾರ್ಚ್ ತಿಂಗಳ ಸೆಕೆ. 4ನೇ ನಿಮಿಷಕ್ಕೇ ಸಲಾಹ್ ಗೋಲ್ ಹೊಡೆದಿದ್ದ. ನೆಲಮಂಗಲ ದಾಟುವ ಮುಂಚೆ ಎರಡನೆಯದು. ಆಮೇಲೆ ಫಿರ್ಮಿನೊ. ಕುಣಿಗಲ್ ಕಡೆ ನೆಟ್‌ವರ್ಕ್ ಹೋಗಿ ಬಂದು ಹೋಗಿ ಬಂದು, ಚಿತ್ರ ನಿಂತೇ ಇರುವಾಗ ಅಂಕಿ ಮಾತ್ರ ಬದಲಾಗಿ 4-0 ಆಗಿತ್ತು, 5-0 ಆಗಿತ್ತು. ಸಲಾಹ್ ಒಬ್ಬನೇ ನಾಲ್ಕು. ಲೀಗ್‌ನಲ್ಲಿ 28 ಗೋಲ್ ಆಗಿತ್ತು ಅವನಿಗೆ. ಸೀಸನ್ ಮುಗಿಯುವಾಗ 32 ಆಗಿ, 38 ಮ್ಯಾಚ್‌ಗಳ ಪ್ರೀಮಿಯರ್ ಲೀಗ್‌ನಲ್ಲಿ ಆಗಿನ ದಾಖಲೆಯೇ ಆಯಿತು.

ಬೇರೆ ಯಾವ ದಿನ ಆಗಿದ್ದರೂ ನಾನು ಆ ನಾಲ್ಕು ಗೋಲಿನ ಬಗ್ಗೆ ಒಂದು ವಾರ ಮಾತಾಡುತ್ತಿದ್ದೆ. ಅವತ್ತು ಕಣ್ಣು ನೋಡಿತು, ಅಷ್ಟೇ. ಒಳಗೆ ಇಳಿಯಲಿಲ್ಲ. ಆಗ ನನಗೆ ಒಂದು ವಿಷಯ ಸ್ಪಷ್ಟ ಆಯಿತು. ಲಿವರ್‌ಪೂಲ್ ನನಗೆ ಇಷ್ಟದ ತಂಡ. ಬೆಂಗಳೂರು ನನ್ನ ತಂಡ. ಇಷ್ಟದ ತಂಡ ಐದು ಹೊಡೆದರೂ ನನ್ನ ತಂಡ ಬಿಟ್ಟ ಮೂರಕ್ಕೆ ಸಮ ಆಗುವುದಿಲ್ಲ. ಪಕ್ಕದ ಸೀಟಿನಲ್ಲಿ ಮಗುವೊಂದು ನನ್ನ ತೋಳಿಗೆ ಒರಗಿ ನಿದ್ದೆ ಹೋಗಿತ್ತು. ಅದು ಏಳಬಾರದು ಅಂತ ಯಡಿಯೂರಿನಿಂದ ಹಿರೀಸಾವೆವರೆಗೂ ಕೈ ಅಲ್ಲಾಡಿಸದೆ ಕೂತಿದ್ದೆ. ಚನ್ನರಾಯಪಟ್ಟಣದಲ್ಲಿ ಅವರು ಇಳಿದರು.

ಹಾಸನ ತಲುಪಿದಾಗ ಮೂರೂವರೆ. ಮನೆಯಲ್ಲಿ ದೀಪ ಹತ್ತಿತ್ತು. ಅಮ್ಮ ಬಾಗಿಲು ತೆಗೆದು ಮುಖ ನೋಡಿದರು. "ಸೋತರಾ?" ಅಂದರು. ಹೂಂ ಅಂದೆ. ಅವರು ಮತ್ತೇನೂ ಕೇಳಲಿಲ್ಲ. ಒಂದು ಗಂಟೆ ಮಲಗು, ಎಬ್ಬಿಸುತ್ತೇನೆ ಅಂದರು. ಐದಕ್ಕೆ ಎಬ್ಬಿಸಿ ತಲೆಗೆ ಹರಳೆಣ್ಣೆ ಹಾಕಿ ತಟ್ಟಿದರು. ಚಿಕ್ಕವನಿದ್ದಾಗ ತಟ್ಟುತ್ತಿದ್ದ ಹಾಗೆಯೇ. ಆ ತಟ್ಟುವಿಕೆಯಲ್ಲಿ ಕಣ್ಣಿನಿಂದ ನೀರು ಬಂತು. ಎಣ್ಣೆ ಕಣ್ಣಿಗೆ ಇಳಿಯಿತು ಅಂದೆ. ಇರಲಿ ಬಿಡು ಅಂದರು.

ಬಿಸಿನೀರು, ಹೊಸ ಬಟ್ಟೆ, ಬಾಗಿಲಿಗೆ ಮಾವಿನ ತೋರಣ, ಬೇವು ಬೆಲ್ಲ. ಅಪ್ಪ ಪಂಚಾಂಗ ಓದಿದರು, ವಿಳಂಬಿ ಸಂವತ್ಸರ ಅಂತ. ಮಧ್ಯಾಹ್ನ ಬೇಳೆ ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ, ಒಬ್ಬಟ್ಟಿನ ಸಾರು. ಊಟ ಮಾಡಿದೆ. ರುಚಿ ಗೊತ್ತಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎಲೆ ಮುಂದೆ ಕೂತಾಗಲೂ ಅದೇ ಕಾರ್ನರ್.

ಊಟ ಆದ ಮೇಲೆ ಅಪ್ಪ ಎಲೆ ಅಡಿಕೆ ತಟ್ಟೆ ಹಿಡಿದು ಜಗಲಿಯಲ್ಲಿ ಕೂತರು. ಅವರು ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವರಲ್ಲ. ಸುಮ್ನೆ ಕೇಳಿದರು, "ಅಷ್ಟು ಒಳ್ಳೆ ತಂಡ ಅಂತೀಯ, ಮತ್ತೆ ಹೇಗೆ ಸೋತಿತು?" ಯಾರೂ ಕೇಳಿರದ ಪ್ರಶ್ನೆ ಅದು. ನಾನು ತಟ್ಟೆ ಎಳೆದುಕೊಂಡೆ.

ಸುಣ್ಣದ ಡಬ್ಬಿಯನ್ನು ಗೋಲ್ ಮಾಡಿದೆ. ಅಡಿಕೆ ಹೋಳು ನಮ್ಮವರು, ಲವಂಗ ಅವರು. ತಟ್ಟೆಯ ಅಂಚಿನಲ್ಲಿ ಒಂದು ಲವಂಗ ಇಟ್ಟು, ಇವನು ಇಲ್ಲಿಂದ ಚೆಂಡು ಒದೆಯುತ್ತಾನೆ, ಇದಕ್ಕೆ ಕಾರ್ನರ್ ಅಂತಾರೆ ಅಂದೆ. ತಡೆಯುವವರಿಗೆ ಎರಡು ದಾರಿ ಇದೆ. ಒಂದು, ಒಬ್ಬೊಬ್ಬ ಅಡಿಕೆಗೂ ಒಂದೊಂದು ಲವಂಗ ಹಂಚಿಬಿಡುವುದು. ನಿನ್ನವನು ಎಲ್ಲಿ ಹೋದರೂ ನೀನೂ ಹೋಗು. ಇನ್ನೊಂದು, ಜಾಗ ಹಂಚಿಕೊಳ್ಳುವುದು. ನಿನ್ನ ಜಾಗಕ್ಕೆ ಚೆಂಡು ಬಂದರೆ ನೀನು ಹೊರಗೆ ಹಾಕು. ಎರಡರಲ್ಲೂ ತೂತು ಇದೆ. ಆಳನ್ನು ಹಿಡಿದರೆ ಅವನ ಕಡೆಯವನೊಬ್ಬ ಅಡ್ಡ ನಿಂತು ನಿನ್ನನ್ನು ತಡೆಯುತ್ತಾನೆ, ಅಷ್ಟರಲ್ಲಿ ನಿನ್ನವನು ತಪ್ಪಿಸಿಕೊಂಡ. ಜಾಗ ಕಾಯ್ದರೆ ನೀನು ನಿಂತಲ್ಲೇ ಜಿಗಿಯಬೇಕು, ಅವನು ಓಡಿ ಬಂದು ಜಿಗಿಯುತ್ತಾನೆ. ಓಡಿ ಬಂದವನಿಗೆ ಎತ್ತರ ಜಾಸ್ತಿ, ಬಲವೂ ಜಾಸ್ತಿ. ಅದಕ್ಕೇ ಕಾರ್ನರ್ ಅಂದರೆ ಹಿಂದೆ ಇರುವ ಎತ್ತರದ ಡಿಫೆಂಡರ್‌ಗಳು ಮುಂದೆ ಬರುವುದು. ಇಡೀ ಮ್ಯಾಚಿನಲ್ಲಿ ಅವರಿಗೆ ಗೋಲ್ ಹೊಡೆಯುವ ಅವಕಾಶ ಅಂದರೆ ಅದೇ.

ಇನ್ನೊಂದು ಮಾತೂ ಹೇಳಿದೆ. ಒದೆಯುವ ಹೊತ್ತಿಗೆ ಎಲ್ಲರ ಕಣ್ಣು ಚೆಂಡಿನ ಮೇಲೆ ಇರುತ್ತದೆ. ಚೆಂಡು ನೋಡಿದರೆ ಆಳು ಹೋದ, ಆಳು ನೋಡಿದರೆ ಚೆಂಡು ಹೋಯಿತು. ಎರಡನ್ನೂ ನೋಡಲು ಓರೆಯಾಗಿ ನಿಂತು, ಒಂದು ಕೈ ಅವನ ಮೈಗೆ ತಾಗುವ ಹಾಗೆ ಇಟ್ಟುಕೊಂಡು, ಕಣ್ಣನ್ನು ಚೆಂಡಿನ ಕಡೆ ಬಿಡಬೇಕು. ಬರೀ ಅರ್ಧ ಸೆಕೆಂಡಿನ ಕೆಲಸ.

ಅಪ್ಪ ಒಂದು ಲವಂಗ ಎತ್ತಿ ಹಿಡಿದರು. "ಇವನು ಒಂದು ಸಲ ಹೊಡೆದ ಅಂದೆಯಲ್ಲ. ಎರಡನೇ ಸಲ ಇವನ ಜೊತೆ ಇಬ್ಬರು ನಿಲ್ಲಬೇಕಿತ್ತಲ್ವಾ?"

ಅಪ್ಪಾ, ಅದೇ! ನಾನು ರಾತ್ರಿಯೆಲ್ಲ ಯೋಚಿಸಿದ್ದೂ ಅದೇ. ಗ್ಯಾಲರಿಯಿಂದ ಆ ಗುಂಪಿನಲ್ಲಿ ಯಾರು ಯಾರನ್ನು ಬಿಟ್ಟರು ಅಂತ ನನಗೆ ಕಾಣಲಿಲ್ಲ, ಹಾಗಾಗಿ ಒಬ್ಬ ಆಟಗಾರನ ಮೇಲೆ ತಪ್ಪು ಹೊರಿಸುವುದಿಲ್ಲ. ಆದರೆ 17ನೇ ನಿಮಿಷಕ್ಕೂ 45ನೇ ನಿಮಿಷಕ್ಕೂ ನಡುವೆ 28 ನಿಮಿಷ ಇತ್ತು. ಬದಲಿಸಿಕೊಳ್ಳಲು ಸಾಕಾಗುವಷ್ಟು ಸಮಯ. ಮಧ್ಯದಲ್ಲಿ ಒಂದು ಕೈಸನ್ನೆ, ಒಂದು ಕೂಗು ಸಾಕಿತ್ತು. ಅಪ್ಪನ ಬಾಯಿಂದ ಆ ಮಾತು ಕೇಳಿದಾಗ ಎದೆಯ ಮೇಲಿದ್ದ ಕಲ್ಲು ಸ್ವಲ್ಪ ಸರಿದ ಹಾಗಾಯಿತು. ಸೋಲು ಹಾಗೇ ಇತ್ತು. ಆದರೆ ಈಗ ಮನೆಯಲ್ಲಿ ಅದು ಇಬ್ಬರಿಗೆ ಗೊತ್ತಿತ್ತು.

ಸಂಜೆ ಕತೆ ಬೇರೆಯಾಯಿತು. ಕೊಲಂಬೋದಲ್ಲಿ ನಿದಹಾಸ್ ಟ್ರೋಫಿ ಫೈನಲ್, ಇಂಡಿಯಾ ಮತ್ತು ಬಾಂಗ್ಲಾದೇಶ. ಚಿಕ್ಕಪ್ಪನ ಮನೆಯವರು ಎಲ್ಲ ನಮ್ಮಲ್ಲಿಗೇ ಬಂದರು. ನಾನು ಟಿವಿ ಬಿಟ್ಟುಕೊಟ್ಟು, ಎಂಟೂ ಮುಕ್ಕಾಲಿಗೆ ಶುರುವಾದ ಬಾರ್ಸಿಲೋನಾ ಮ್ಯಾಚ್ ಮೊಬೈಲ್‌ನಲ್ಲಿ ಹಾಕಿಕೊಂಡೆ. ಅತ್ಲೆಟಿಕ್ ಬಿಲ್ಬಾವೊ ಮೇಲೆ ಅರ್ಧ ಗಂಟೆಯೊಳಗೆ ಅಲ್ಕಾಸರ್ ಒಂದು, ಮೆಸ್ಸಿ ಒಂದು. 2-0, ಅಲ್ಲಿಗೆ ಆಟ ಮುಗಿದ ಹಾಗೇ. ಹಾಗಾಗಿ ನಾನೂ ಟಿವಿ ಕಡೆ ತಿರುಗಿದೆ.

ಗೆಲ್ಲಲು 167 ಬೇಕಿತ್ತು. ರಾಹುಲ್ ಔಟಾಗಿದ್ದರು, ರೋಹಿತ್ ಔಟಾಗಿದ್ದರು. 18ನೇ ಓವರ್‌ನಲ್ಲಿ ಮುಸ್ತಾಫಿಜುರ್ ಕಟ್ಟಿಹಾಕಿಬಿಟ್ಟ, ಮನೀಶ್ ಪಾಂಡೆಯೂ ಹೋದರು. ಚಿಕ್ಕಪ್ಪ ಆಯ್ತು ಬಿಡಿ ಅಂತ ಎದ್ದು ಚಪ್ಪಲಿ ಹಾಕಿಕೊಂಡರು. 12 ಚೆಂಡಿಗೆ 34. ಆಗ ಬಂದದ್ದು ದಿನೇಶ್ ಕಾರ್ತಿಕ್. ಮೊದಲ ಚೆಂಡೇ ಸಿಕ್ಸರ್. ಆ ಓವರಿನಲ್ಲಿ 22. ಕೊನೆಗೆ ಒಂದು ಚೆಂಡು, ಐದು ರನ್. ಸೌಮ್ಯ ಸರ್ಕಾರ್ ಹಾಕಿದ್ದನ್ನು ಕವರ್ ಮೇಲೆ ನೇರವಾಗಿ, ಜಾಸ್ತಿ ಎತ್ತರ ಇಲ್ಲದೆ, ಗೆರೆ ಆಚೆ ಹೊಡೆದುಬಿಟ್ಟರು. ಎಂಟು ಚೆಂಡಿಗೆ 29.

ಬೀದಿಗೆ ಬೀದಿಯೇ ಹೊರಗೆ ಬಂತು. ಎಲ್ಲೋ ಪಟಾಕಿ ಹೊಡೆದರು. ಚಿಕ್ಕಪ್ಪ ಚಪ್ಪಲಿ ಹಾಕಿಕೊಂಡೇ ನಡುಮನೆಯಲ್ಲಿ ಕುಣಿಯುತ್ತಿದ್ದರು, ಅಮ್ಮ ಹಬ್ಬದ ದಿನವೂ ಬೈಯಲಿಲ್ಲ. ನಾನೂ ಕುಣಿದೆ. ಮನಸ್ಸಿಟ್ಟು ಕುಣಿದೆ. ಅದು ನನಗೇ ಆಶ್ಚರ್ಯ. ರಾತ್ರಿಯ ಲಿವರ್‌ಪೂಲ್ ಕೊಡದ ಖುಷಿ ಇದು ಕೊಟ್ಟಿತು. ಯಾಕೆ ಅಂತ ಯೋಚಿಸಿದ್ದೇನೆ. ನನ್ನ ಪ್ರಕಾರ ಕಾರಣ ಸರಳ. ಬಸ್ಸಿನಲ್ಲಿ ನಾನು ಒಬ್ಬನೇ ಇದ್ದೆ. ಇಲ್ಲಿ ಹದಿನಾಲ್ಕು ಜನ ಇದ್ದೆವು. ಕಂಠೀರವದಲ್ಲಿ 9ನೇ ನಿಮಿಷಕ್ಕೆ ಆ ವಯಸ್ಸಾದವರು ಹಿಡಿದ ಹಾಗೆಯೇ ಚಿಕ್ಕಪ್ಪ ನನ್ನ ಕೈ ಹಿಡಿದಿದ್ದರು. ಹಾಗೇ ಒಂದು ಹೊಟ್ಟೆಕಿಚ್ಚೂ ಆಯಿತು, ಅದನ್ನೂ ಬರೆಯಬೇಕು. ಛೇತ್ರಿಯ ಆ ಹೆಡರ್‌ಗೆ ಹಾಸನದ ಒಂದು ಬೀದಿಯಾದರೂ ಹೀಗೆ ಹೊರಗೆ ಬಂದಿದ್ದರೆ ಅಂತ.

ಎಲ್ಲರೂ ಮಲಗಿದ ಮೇಲೆ ಒಂದೂಕಾಲಕ್ಕೆ ರಿಯಲ್ ಮ್ಯಾಡ್ರಿಡ್ ಮತ್ತು ಜಿರೋನಾ ಮ್ಯಾಚ್ ಇತ್ತು. ನಿದ್ದೆ ಬರಲಿಲ್ಲ, ನೋಡಿದೆ. 6-3, ರೊನಾಲ್ಡೊ ನಾಲ್ಕು. ಅದೇ ವರ್ಷ ಮೊದಲ ಸಲ ಮೇಲಿನ ಲೀಗ್‌ಗೆ ಬಂದಿದ್ದ ಜಿರೋನಾ ಮೂರು ಹೊಡೆದದ್ದೇ ನನಗೆ ಇಷ್ಟ ಆಯಿತು. ಅದರ ಬಗ್ಗೆ ಇಷ್ಟು ಸಾಕು.

ಸೋಮವಾರ ಹೊಸತೊಡಕು. ಊರಿನ ಅರ್ಧ ಜನ ಬೆಳಿಗ್ಗೆಯೇ ಮಟನ್ ಅಂಗಡಿ ಮುಂದೆ ಸಾಲು. ನಾನು ಆರೂವರೆಗೆ ಮೈದಾನಕ್ಕೆ ಹೋದೆ. ಯಾರೂ ಬಂದಿರುವುದಿಲ್ಲ ಅಂದುಕೊಂಡಿದ್ದೆ. ಆರು ಜನ ಇದ್ದರು. ಬ್ಯಾಂಕಿನವರು ಏನೂ ಮಾತಾಡದೆ ಬೆನ್ನು ತಟ್ಟಿದರು. ಟಿವಿಯಲ್ಲಿ ನೋಡಿದವರಿಗೆ ನನಗಿಂತ ಚೆನ್ನಾಗಿ ಕಂಡಿತ್ತು. ಅವರು ಹೇಳಿದರು, ನಾನು ಹೇಳಿದೆ, ಸಣ್ಣ ಜಗಳವೂ ಆಯಿತು. ಆಮೇಲೆ ಒಬ್ಬ ಪಿಯುಸಿ ಹುಡುಗ, ತುಂಬಾ ಎತ್ತರ, ಯಾವಾಗಲೂ ಚೆಂಡನ್ನೇ ನೋಡುತ್ತಾ ನಿಲ್ಲುವವನು, ಅಣ್ಣಾ ಒಂದು ಸಲ ಹಾಕಿ ನೋಡೋಣ ಅಂದ.

ನಾನು ಆಲ್ವೆಸ್ ಆದೆ. ಅವನು ನನ್ನನ್ನು ಹಿಡಿಯಬೇಕು. ಮೊದಲ ಐದು ಕಾರ್ನರ್‌ನಲ್ಲಿ ನಾಲ್ಕಕ್ಕೆ ನನ್ನ ತಲೆ ಸಿಕ್ಕಿತು. ಕೈ ಇಡು, ಓರೆಯಾಗಿ ನಿಲ್ಲು, ನಾನು ಓಡಲು ಶುರು ಮಾಡುವ ಮೊದಲೇ ನನ್ನ ದಾರಿಗೆ ಬಾ ಅಂದೆ. ಇಪ್ಪತ್ತು ಇಪ್ಪತ್ತೈದು ಸಲ ಹಾಕಿರಬೇಕು. ಕೊನೆಕೊನೆಗೆ ಅವನ ಅಂಗೈ ನನ್ನ ಪಕ್ಕೆಯ ಮೇಲೆ ಬಿಡದೆ ಕೂತಿತು, ಎಲ್ಲಿ ಹೋದರೂ ಬೆವರಿನ ಆ ಕೈ ಅಲ್ಲೇ. ಸತತವಾಗಿ ಆರು ಸಲ ನನಗೆ ಚೆಂಡು ಸಿಗಲಿಲ್ಲ. ಏಳನೆಯದಕ್ಕೆ ಇಬ್ಬರ ತಲೆ ಡಿಕ್ಕಿ ಹೊಡೆದು ನನಗೆ ಹುಬ್ಬಿನ ಮೇಲೆ ಊತ ಬಂತು. ಹಾಗೇ ಮನೆಗೆ ಹೋಗಿ ಮುದ್ದೆ, ಮಟನ್ ಸಾರು ಹೊಟ್ಟೆ ತುಂಬಾ ಊಟ ಮಾಡಿದೆ. ಶನಿವಾರದಿಂದ ಮೊದಲ ಸಲ ಹಸಿವು ಆಗಿತ್ತು.

ತಂಡ ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಮೇಲೆ 4-1ರಿಂದ ಸೂಪರ್ ಕಪ್ ಗೆದ್ದಿತು. ಸಂತೋಷ ಆಯಿತು. ಆದರೆ ಗಾಯ ಬೇರೆ ಕಡೆ ಇತ್ತು.

ಮುಂದಿನ ಐಎಸ್‌ಎಲ್ ಫೈನಲ್ ಮುಂಬೈನಲ್ಲಿ, ಎಫ್‌ಸಿ ಗೋವಾ ಎದುರು. ದಿನಾಂಕ ನೋಡಿ ಮೈ ಜುಮ್ ಅಂದಿತು, 2019ರ ಮಾರ್ಚ್ 17. ಸರಿಯಾಗಿ ಒಂದು ವರ್ಷ. ಅವತ್ತು ಭಾನುವಾರ. ಮುಂಬೈಗೆ ಹೋಗಲು ಆಗಲಿಲ್ಲ, ಮನೆಯಲ್ಲೇ ಕೂತೆ. ಅಪ್ಪನೂ ಬಂದು ಕೂತರು, ಕರೆಯದೇ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯ. ಅಪ್ಪನಿಗೆ ನಿದ್ದೆ ಎಳೆಯುತ್ತಿತ್ತು, ಏಳಲಿಲ್ಲ. ಪೆನಾಲ್ಟಿಗೆ ಇನ್ನು ನಾಲ್ಕೈದು ನಿಮಿಷ ಅನ್ನುವಾಗ ನಮಗೆ ಕಾರ್ನರ್ ಸಿಕ್ಕಿತು. ಡಿಮಾಸ್ ಡೆಲ್ಗಾಡೊ ಚೆಂಡು ಇಟ್ಟುಕೊಂಡು ಹಿಂದೆ ಸರಿದರು.

ಅಪ್ಪ ಮುಂದಕ್ಕೆ ಬಾಗಿದರು. "ಚೆಂಡು ನೋಡಬೇಡ," ಅಂದರು. "ಯಾರ ಜೊತೆ ಯಾರು ನಿಂತಿದ್ದಾರೆ ನೋಡು."

117ನೇ ನಿಮಿಷ. ಚೆಂಡು ಬಂತು. ರಾಹುಲ್ ಭೆಕೆ, ನಮ್ಮ ಡಿಫೆಂಡರ್, ಹಿಂದೆ ನಿಂತು ತಡೆಯುವ ಕೆಲಸದವನು, ತಲೆ ಕೊಟ್ಟ. ಕಂಬಕ್ಕೆ ತಾಗಿ ಒಳಗೆ ಹೋಯಿತು.